ವಾಟ್ ಕೇಳುವುದು ಬಿಡಿ, ಬಣ್ಣ ಸರಿ ಕಾಣ್ತದಾ ನೋಡಿ

ಉಡುಪಿಯಲ್ಲಿ ಹಿರಿಯರ ಒಂದು ಕೂಟದಲ್ಲಿ ದೀಪಗಳ ಬಗ್ಗೆ ಮಾತಾಡ್ಲಿಕ್ಕೆ ಕರೆದಿದ್ರು. ಅಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ರಿಂದ ಇಲ್ಲಿ ಹಾಕ್ತಿದ್ದೇನೆ. ಮಾತಾಡಿದ ಹಾಗೇ ಉಂಟು, ಹೆಚ್ಚು ತಿದ್ಲಿಕ್ಕೆ ಹೋಗ್ಲಿಲ್ಲ, ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದ್ಲು ಈ ಮೇಜಿನ ಕಡೆ ಒಮ್ಮೆ ನೋಡಿ. ಎರಡು ಹೋಲ್ಡರ್ ಉಂಟು, ಎರಡರಲ್ಲೂ 9 ವಾಟಿನ ಎಲ್‌ಇಡಿ ಬಲ್ಬ್, ಕೆಳಗೆ ಒಂದೊಂದು ಬಾಳೆಎಲೆ ತುಂಡು, ಅದ್ರ ಮೇಲೆ ಒಂದು ಟೊಮೆಟೊ, ಸ್ವಲ್ಪ ಕುಂಕುಮ, ಒಂದು ಗೇಣು ಅಬ್ಬಲಿಗೆ ಮಾಲೆ. ಹಾಲ್‌ನ ಲೈಟ್ ಯಾರಾದ್ರೂ ಆಫ್ ಮಾಡಿ. ಹಾಂ, ಈಗ ಹೇಳಿ, ಸಂತೆಯಲ್ಲಿ ಆಗಿದ್ರೆ ನೀವು ಯಾವ ಎಲೆಯ ಟೊಮೆಟೊ ತಕೊಳ್ತಿದ್ರಿ? ಬಲಗಡೆಯದ್ದು ಅಂತ ಎಲ್ಲರೂ ಹೇಳ್ತೀರಿ. ಎಡಗಡೆಯದ್ದು ನಾಲ್ಕು ದಿನದ ಹಿಂದಿನ ಹಾಗೆ ಕಾಣ್ತದೆ, ಕುಂಕುಮ ಇಟ್ಟಿಗೆ ಪುಡಿ ಹಾಗೆ, ಅಬ್ಬಲಿಗೆ ಬಾಡಿದ ಹಾಗೆ. ಎರಡೂ ಟೊಮೆಟೊ ಇವತ್ತು ಬೆಳಿಗ್ಗೆ ಒಂದೇ ಬುಟ್ಟಿಯಿಂದ ತಂದದ್ದು ಮಾರ್ರೆ. ಬೆಳಕಿನ ಪ್ರಮಾಣವೂ ಹೆಚ್ಚುಕಡ್ಮೆ ಒಂದೇ. ಬೇರೆ ಇರುವುದು ಬೆಳಕಿನ ಒಳಗೆ ಇರುವ ಬಣ್ಣ.

ನಾವು ಅಂಗಡಿಗೆ ಹೋಗಿ ಕೇಳುವುದು ಎಂತ? ಎಷ್ಟು ವಾಟ್, ಎಷ್ಟು ರೂಪಾಯಿ, ಗ್ಯಾರಂಟಿ ಎಷ್ಟು ವರ್ಷ. ಬಣ್ಣ ಸರಿ ಕಾಣ್ತದಾ ಅಂತ ಕೇಳುವವರು ಇಲ್ಲವೇ ಇಲ್ಲ ಅನ್ಬಹುದು. ನಮಗೆ ಆ ಅಭ್ಯಾಸವೇ ಇಲ್ಲ, ಯಾಕಂದ್ರೆ ನಮ್ಮ ಅಜ್ಜ ಅಜ್ಜಿಯಂದಿರಿಗೆ ಅದನ್ನು ಕೇಳುವ ಅಗತ್ಯವೇ ಇರ್ಲಿಲ್ಲ. ಯಾಕೆ ಇರ್ಲಿಲ್ಲ ಅಂತ ಹೇಳ್ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು.

ಎಷ್ಟು ಹಿಂದೆ ಅಂದ್ರೆ, ಫ್ರಾನ್ಸಿನ ಲಾಸ್ಕೋ ಗುಹೆ ಉಂಟಲ್ಲ, ಗೋಡೆ ತುಂಬ ಎತ್ತು ಕುದುರೆಗಳ ಚಿತ್ರ ಇರುವಂಥದ್ದು, ಅಲ್ಲಿ ಮರಳುಗಲ್ಲಲ್ಲಿ ಕೆತ್ತಿದ, ಹಿಡಿ ಇರುವ ಒಂದು ದೀಪ ಸಿಕ್ಕಿದೆ, ಸುಮಾರು 17,000 ವರ್ಷ ಹಿಂದಿನದ್ದು, ಪ್ರಾಣಿಯ ಕೊಬ್ಬು ಹಾಕಿ ಉರಿಸುವಂಥದ್ದು. ಅದಕ್ಕೂ ನಮ್ಮ ದೇವರ ಎದುರಿನ ಹಣತೆಗೂ ತತ್ವದಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ಕರಾವಳಿಯಲ್ಲಿ ತೆಂಗಿನೆಣ್ಣೆ ಅಡುಗೆಗೂ ಬೇಕು ತಲೆಗೂ ಬೇಕು ದೇವರಿಗೂ ಬೇಕು, ಹಾಗಾಗಿ ಮನೆ ದೀಪಕ್ಕೆ ಹೊನ್ನೆ ಎಣ್ಣೆ ಇತ್ತು. ಇಲ್ಲಿ ಕೂತವರಲ್ಲಿ ಸಣ್ಣದಿರುವಾಗ ಹೊನ್ನೆಕಾಯಿ ಹೆಕ್ಕಿದವರು ಇರ್ಬಹುದು, ಇದ್ದೀರಾ? (ಹಿಂದಿನ ಸಾಲಿನಲ್ಲಿ ಎರಡು ಮೂರು ಕೈ ಮೇಲೆ ಬಂತು.) ರಾತ್ರಿ ಹೊರಗೆ ಹೋಗುವುದಾದ್ರೆ ಒಣ ತೆಂಗಿನ ಗರಿ ಕಟ್ಟಿದ ಸೂಟೆ, ಅದನ್ನು ಬೀಸ್ತಾ ಬೀಸ್ತಾ ಗದ್ದೆ ಹುಣಿಯಲ್ಲಿ ನಡೆಯುವುದು. ಕಟೀಲು ದೇವಸ್ಥಾನದ ಜಾತ್ರೆಯ ತೂಟೆದಾರ ಅನ್ನುವ ಆಚರಣೆಯಲ್ಲಿ ಈಗ್ಲೂ ಅಂಥ ಬೆಂಕಿ ಕಾಣ್ತದೆ, ಅಲ್ಲಿ ಕೈಯಲ್ಲಿ ಹಿಡಿದು ನಡೀಲಿಕ್ಕೆ ಅಲ್ಲ, ಎಸೀಲಿಕ್ಕೆ.

ಈ ಎಲ್ಲ ದೀಪಗಳಲ್ಲಿ ಬೆಳಕು ಕೊಡುವುದು ಯಾವುದು? ಎಣ್ಣೆ ಪೂರ್ತಿ ಉರಿಯದೆ ಆಗುವ ಇಂಗಾಲದ ಸಣ್ಣ ಸಣ್ಣ ಕಣ, ಅಂದ್ರೆ ಮಸಿಯೇ. ಅದು ಜ್ವಾಲೆಯ ಬಿಸಿಗೆ ಕಾದು ಹಳದಿಯಾಗಿ ಹೊಳೀತದೆ, ಮೇಲೆ ಹೋಗಿ ತಣಿದ್ರೆ ಮಾಡಿಗೆ ಅಂಟ್ತದೆ. ಹೀಗೆ ಕಾದು ಹೊಳೆಯುವ ಯಾವ ವಸ್ತುವಿನ ಬೆಳಕಿನಲ್ಲೂ ಕೆಂಪಿನಿಂದ ನೇರಳೆವರೆಗೆ ಎಲ್ಲ ಬಣ್ಣವೂ ನಡುವೆ ತುಂಡಾಗದೆ ಇರ್ತದೆ. ದೀಪದಲ್ಲಿ ನೀಲಿ ಕಡ್ಮೆ, ಕೆಂಪು ಜಾಸ್ತಿ, ಅದು ಹೌದು, ಆದ್ರೆ ಯಾವ ಬಣ್ಣವೂ ಪೂರ್ತಿ ಕಾಣೆ ಆಗುವುದಿಲ್ಲ. ಸೂರ್ಯನೂ ಅದೇ ಜಾತಿ, ಬಿಸಿ ಜಾಸ್ತಿ ಅಷ್ಟೇ.

ಸಾವಿರಾರು ವರ್ಷ ಇಷ್ಟರಲ್ಲೇ ನಡೀತು. 1780ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಆರ್ಗಾಂಡ್ ಅನ್ನುವವ ಬತ್ತಿಯನ್ನು ಕೊಳವೆ ಹಾಗೆ ಸುತ್ತಿ, ಒಳಗಿಂದಲೂ ಗಾಳಿ ಹೋಗುವ ಹಾಗೆ ಮಾಡಿ, ಸುತ್ತ ಗಾಜಿನ ಚಿಮಣಿ ಇಟ್ಟ. ಒಂದೇ ಸಲಕ್ಕೆ ಹತ್ತಿರ ಹತ್ತಿರ ಅರ್ಧ ಡಜನ್ ಮೊಂಬತ್ತಿಯ ಬೆಳಕು. ಆಮೇಲೆ ಸೀಮೆಎಣ್ಣೆ. 1853ರ ಜುಲೈ 31ರ ರಾತ್ರಿ ಈಗಿನ ಉಕ್ರೇನಿನ ಲ್ವಿವ್ ಪಟ್ಟಣದ ಆಸ್ಪತ್ರೆಯಲ್ಲಿ ಲುಕಾಸಿಯೆವಿಚ್ ಅನ್ನುವ ಔಷಧಿ ಅಂಗಡಿಯವ ಮಾಡಿದ ಸೀಮೆಎಣ್ಣೆ ದೀಪದಲ್ಲಿ ತುರ್ತು ಆಪರೇಷನ್ ಮಾಡಿದ್ರು. ಅದೇ ಎಣ್ಣೆ ನಮ್ಮೂರಿಗೆ ಬಂದು ಚಿಮಿಣಿ ಎಣ್ಣೆ ಆಯ್ತು, ಲಾಟೀನು ಬಂತು, ಹೊನ್ನೆಕಾಯಿ ಹೆಕ್ಕುವುದು ನಿಂತಿತು.

ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಖುಷಿ ಕೊಡುವುದು ಗ್ಯಾಸ್‌ಲೈಟ್. ಮದುವೆ ದಿಬ್ಬಣದಲ್ಲಿ ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ರಲ್ಲ, ಪಂಪ್ ಹೊಡೆದು ಸುಂಯ್ ಅಂತ ಸದ್ದು ಮಾಡುವಂಥದ್ದು, ಪೆಟ್ರೋಮ್ಯಾಕ್ಸ್. ಅದ್ರ ಒಳಗಿನ ಮ್ಯಾಂಟಲ್ ಒಂದು ಸಣ್ಣ ಬಟ್ಟೆ ಚೀಲ, ಮೊದಲ ಸಲ ಉರಿಸಿದ ಮೇಲೆ ಬಟ್ಟೆ ಸುಟ್ಟು ಬೂದಿಯ ಬಲೆ ಉಳೀತದೆ, ಬೆರಳು ತಾಗಿದ್ರೆ ಪುಡಿ. ಆ ಬೂದಿಯೇ ಹೊಳೆಯುವುದು. ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಇದಕ್ಕೆ ಪೇಟೆಂಟ್ ತಕೊಂಡ, 1891ರ ಹೊತ್ತಿಗೆ ಸರಿಯಾದ ಹದ ಸಿಕ್ಕಿತು, 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಆ ಒಂದು ಪಾಲು ಸೀರಿಯಂ ಇಲ್ಲದಿದ್ರೆ ಬೆಳಕು ಸಪ್ಪೆ. ಈ ಥೋರಿಯಂ ಸಿಗುವುದು ಮೋನಝೈಟ್ ಅನ್ನುವ ಮರಳಲ್ಲಿ. 1909ರಲ್ಲಿ ಷೋಂಬರ್ಗ್ ಅನ್ನುವ ಜರ್ಮನ್ ಕೆಮಿಸ್ಟ್ ತಿರುವಾಂಕೂರಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಲ್ಲಿ ಅದನ್ನು ಕಂಡುಹಿಡಿದ. ನಮ್ಮದೇ ಪಶ್ಚಿಮ ಕರಾವಳಿ, ಸ್ವಲ್ಪ ತೆಂಕಕ್ಕೆ. ಅಲ್ಲಿಂದ ಹೋದ ಮರಳು ಯುರೋಪಿನ ಬೀದಿ ಬೆಳಗಿತು. ಸೀರಿಯಂ ಹೆಸರು ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕು.

ಯಕ್ಷಗಾನ ನೋಡುವವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಗೊತ್ತುಂಟು, ಹಾಗಾಗಿ ಒಂದು ಮಾತು. ಮೊದ್ಲು ಆಟ ಆಗ್ತಿದ್ದದ್ದು ದೊಂದಿ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟ್, ಆಮೇಲೆ ಕರೆಂಟು. ಈಗ ಕೆಲವು ಕಡೆ ಪುನಃ ದೊಂದಿ ಬೆಳಕಿನ ಆಟ ಅಂತ ಇಡ್ತಾರೆ, ಒಮ್ಮೆ ಹೋಗಿ ನೋಡಿ. ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಮುಖಕ್ಕೆ ಇಟ್ಟ ಚುಟ್ಟಿ, ಆ ಉಬ್ಬಿದ ಬಿಳಿ ಚುಕ್ಕಿ, ಒಂದೊಂದೂ ಎದ್ದು ಕಾಣ್ತದೆ, ಯಾಕಂದ್ರೆ ಬೆಳಕು ಪಕ್ಕದಿಂದ, ಕೆಳಗಿಂದ ಬೀಳ್ತದೆ, ಪ್ರತಿಯೊಂದಕ್ಕೂ ಒಂದು ನೆರಳು ಉಂಟು. ಕೆಂಪು, ಕಪ್ಪು, ಹಳದಿ ಅಂಥ ಗಟ್ಟಿ ಬಣ್ಣಗಳಿಗೆ ಬೆಂಕಿಯ ಬೆಳಕು ಹೇಳಿ ಮಾಡಿಸಿದ್ದು. ಅದೇ ವೇಷವನ್ನು ಈಗ ಎದುರಿಂದ ನಾಲ್ಕು ಬಿಳಿ ಎಲ್‌ಇಡಿ ಫ್ಲಡ್‌ಲೈಟ್ ಹಾಕಿ ನಿಲ್ಲಿಸಿದ್ರೆ ಮುಖ ಪೋಸ್ಟರ್ ಹಾಗೆ ಚಪ್ಪಟೆ. ಬೆಳಕು ಜಾಸ್ತಿ ಆಯ್ತು, ಕಾಣುವುದು ಕಡ್ಮೆ ಆಯ್ತು. ಮೇಳದವರನ್ನು ದೂರುವುದಲ್ಲ, ಫೋನಲ್ಲಿ ವಿಡಿಯೋ ಮಾಡುವವರಿಗೆ ಅದೇ ಬೇಕು, ಎಂತ ಮಾಡುವುದು.

ಕರೆಂಟಿನ ವಿಷಯ ನಿಮಗೆ ಗೊತ್ತಿದ್ದದ್ದೇ, ಬೇಗ ಹೇಳಿ ಮುಗಿಸ್ತೇನೆ. ಇಂಗ್ಲೆಂಡಲ್ಲಿ ಸ್ವಾನ್, ಅಮೆರಿಕದಲ್ಲಿ ಎಡಿಸನ್, 1879ರ ಆಸುಪಾಸು, ಇಂಗಾಲದ ಎಳೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಬೀದಿಯಲ್ಲಿ ಬಲ್ಬ್ ಉರಿಯಿತು. ಆಮೇಲೆ ಟಂಗ್‌ಸ್ಟನ್ ಎಳೆ. 1924ರಲ್ಲಿ ದೊಡ್ಡ ಬಲ್ಬ್ ಕಂಪೆನಿಗಳೆಲ್ಲ ಸೇರಿ ಫೀಬಸ್ ಅಂತ ಒಂದು ಕೂಟ ಮಾಡಿಕೊಂಡು ಬಲ್ಬಿನ ಆಯುಷ್ಯ 1,000 ಗಂಟೆ ಅಂತ ಗೊತ್ತು ಮಾಡಿದ್ರು, ಜಾಸ್ತಿ ಬಾಳುವ ಬಲ್ಬ್ ಮಾಡಿದವರಿಗೆ ದಂಡ. ಇದನ್ನು ಬರೀ ಮೋಸ ಅಂತ ಹೇಳುವವರಿದ್ದಾರೆ. ನನಗೆ ಅರ್ಧ ಸತ್ಯ ಅನ್ನಿಸ್ತದೆ, ಯಾಕಂದ್ರೆ ಎಳೆ ತುಂಬಾ ಕಾಲ ಬಾಳ್ಬೇಕಾದ್ರೆ ಅದನ್ನು ಕಡ್ಮೆ ಬಿಸಿಯಲ್ಲಿ ಇಡ್ಬೇಕು, ಆಗ ಬೆಳಕು ಮಂಕು, ಕರೆಂಟು ಅಷ್ಟೇ ಕುಡೀತದೆ. ಆದ್ರೂ ದಂಡ ಹಾಕಿದ್ದು ಜನರ ಉಪಕಾರಕ್ಕೆ ಅಂತೂ ಅಲ್ಲ. ಇರ್ಲಿ, ಮುಖ್ಯ ವಿಷಯ ಎಂತ ಅಂದ್ರೆ, ಆ ಹಳೇ ಬಲ್ಬ್ ಕೂಡ ಕಾದು ಹೊಳೆಯುವ ಜಾತಿಯದ್ದೇ. ತಿಂದ ಕರೆಂಟಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬಿಸಿಯಾಗಿ ಹೋಗ್ತಿತ್ತು, ಆದ್ರೆ ಕೊಟ್ಟ ಬೆಳಕಿನಲ್ಲಿ ಬಣ್ಣ ಪೂರ್ತಿ ಇತ್ತು.

ಮನೆಯ ಬೆಳಕಿಗೂ ಕಾದು ಹೊಳೆಯುವುದಕ್ಕೂ ಇದ್ದ ಸಂಬಂಧ ತುಂಡಾದದ್ದು 1938ರಲ್ಲಿ, ಅಮೆರಿಕದಲ್ಲಿ ಟ್ಯೂಬ್‌ಲೈಟ್ ಮಾರಾಟಕ್ಕೆ ಬಂದಾಗ. ಅದ್ರಲ್ಲಿ ಕಾದು ಹೊಳೆಯುವುದು ಯಾವುದೂ ಇಲ್ಲ. ಪಾದರಸದ ಆವಿ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಕೊಡ್ತದೆ, ಗಾಜಿನ ಒಳಗೆ ಬಳಿದ ಪುಡಿ ಅದನ್ನು ಕಾಣುವ ಬೆಳಕು ಮಾಡ್ತದೆ. ಪುಡಿ ಯಾವ ಬಣ್ಣ ಕೊಡ್ತದೋ ಅಷ್ಟೇ ಬಣ್ಣ, ನಡುವೆ ನಡುವೆ ಖಾಲಿ. ಕಣ್ಣಿಗೆ ಬಿಳಿ ಅಂತ ಕಾಣ್ತದೆ, ಆದ್ರೆ ಸೀರೆ ಅಂಗಡಿಯಲ್ಲಿ ಹೆಂಗಸರು ಸೀರೆ ಹಿಡ್ಕೊಂಡು ಬಾಗಿಲ ಹತ್ರ ಬಿಸಿಲಿಗೆ ಹೋಗ್ಲಿಕ್ಕೆ ಶುರು ಮಾಡಿದ್ದಕ್ಕೆ ಈ ಟ್ಯೂಬ್‌ಲೈಟೇ ದೊಡ್ಡ ಕಾರಣ. ಅವರಿಗೆ ಯಾರೂ ಪಾಠ ಮಾಡಿದ್ದಲ್ಲ, ಕಣ್ಣೇ ಹೇಳಿದ್ದು. ರಸ್ತೆಯ ಹಳದಿ ಸೋಡಿಯಂ ಲೈಟ್ ಇನ್ನೂ ಕಡೆ, ಅದ್ರ ಅಡಿಯಲ್ಲಿ ಕೆಂಪು ಕಾರೂ ಕಂದು ಕಾರೂ ಗುರುತು ಸಿಗ್ತಿರ್ಲಿಲ್ಲ.

ಎಲ್‌ಇಡಿ ಕತೆ: ಕೆಂಪು ಎಲ್‌ಇಡಿ 1962ರಲ್ಲೇ ಆಗಿತ್ತು, ನೀಲಿ ಆಗ್ಲಿಕ್ಕೆ ಮೂವತ್ತು ವರ್ಷ ಹಿಡೀತು. ಜಪಾನಿನ ಅಕಾಸಾಕಿ, ಅಮಾನೊ, ನಕಮುರ, ಈ ಮೂವರ ಕೆಲಸ, 2014ರಲ್ಲಿ ನೊಬೆಲ್ ಬಂತು. ನೀಲಿಗೆ ಯಾಕೆ ಅಷ್ಟು ಬೆಲೆ ಅಂದ್ರೆ, ನೀಲಿ ಇದ್ರೆ ಬಿಳಿ ಮಾಡ್ಬಹುದು. ನಿಮ್ಮ ಮನೆಯ ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಬೆಳಕು ಕೊಡುವ ಸಣ್ಣ ಎಲೆಕ್ಟ್ರಾನಿಕ್ ಚಿಪ್ಪೇ, ಅದ್ರ ಮೇಲೆ ಒಂದು ಹಳದಿ ಪುಡಿಯ ಪದರ, ನೀಲಿಯೂ ಹಳದಿಯೂ ಸೇರಿ ಬಿಳಿ. ಆ ಹಳದಿ ಪುಡಿಯಲ್ಲಿ ಹೊಳೆಯುವ ಕೆಲಸ ಮಾಡುವುದು ಯಾವುದು ಗೊತ್ತುಂಟಾ? ಸೀರಿಯಂ. ಗ್ಯಾಸ್‌ಲೈಟಿನ ಅದೇ ಸೀರಿಯಂ.

ಈಗ ಎಡಗಡೆಯ ಟೊಮೆಟೊ ಯಾಕೆ ಹಳಸಿದ ಹಾಗೆ ಕಾಣ್ತದೆ ಅಂತ ಅರ್ಥ ಆಗ್ತದೆ. ನೀಲಿ ಚಿಪ್ಪು, ಹಳದಿ ಪುಡಿ, ಇಷ್ಟೇ ಹಾಕಿ ಅಗ್ಗಕ್ಕೆ ಮಾಡಿದ ಬಲ್ಬಿನಲ್ಲಿ ಗಾಢ ಕೆಂಪು ಇಲ್ಲವೇ ಇಲ್ಲ ಅನ್ನುವಷ್ಟು ಕಡ್ಮೆ. ಬೆಳಕಿನಲ್ಲಿ ಕೆಂಪು ಇಲ್ಲದಿದ್ರೆ ಟೊಮೆಟೊ ಎಲ್ಲಿಂದ ಕೆಂಪು ಕೊಡ್ತದೆ? ಬಲಗಡೆಯದ್ರಲ್ಲಿ ಕೆಂಪು ಕೊಡುವ ಇನ್ನೊಂದು ಪುಡಿಯೂ ಉಂಟು. ಇದನ್ನು ಅಳೆಯುವುದಕ್ಕೆ ಸಿಆರ್‌ಐ (ಕಲರ್ ರೆಂಡರಿಂಗ್ ಇಂಡೆಕ್ಸ್) ಅಂತ ಒಂದು ಲೆಕ್ಕ, ಹಳೇ ಬಲ್ಬಿಗೆ 100. ಪೆಟ್ಟಿಗೆ ಮೇಲೆ 80 ಅಂತ ಬರೆದದ್ದು ನಡೀತದೆ, 90 ಇದ್ರೆ ಒಳ್ಳೇದು, ಬರೆಯದೇ ಇದ್ರೆ ನಾನು ತಕೊಳ್ಳುವುದಿಲ್ಲ. ಒಂದು ಕಿತಾಪತಿ ಉಂಟು ಇದ್ರಲ್ಲಿ, ಆ ಅಂಕೆ ಎಂಟು ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ, ಅದಕ್ಕೆ ಆರ್9 ಅಂತ ಬೇರೆ ಅಂಕೆ. 80 ಸಿಆರ್‌ಐ ಇರುವ ಬಲ್ಬಿಗೂ ಆರ್9 ಸೊನ್ನೆ ಹತ್ರ ಇರ್ಬಹುದು. ಹಾಗಾಗಿ ಅಂಗಡಿಯಲ್ಲಿ ಬಲ್ಬ್ ಉರಿಸಿ ನಿಮ್ಮ ಅಂಗೈಯನ್ನೇ ಅದ್ರ ಕೆಳಗೆ ಹಿಡೀರಿ. ಚರ್ಮದಲ್ಲಿ ರಕ್ತದ ಕಳೆ ಕಂಡ್ರೆ ಒಳ್ಳೇ ಬಲ್ಬ್, ಹೆಣದ ಕೈ ಹಾಗೆ ಬಿಳಚಿದ್ರೆ ವಾಪಸ್ ಕೊಡಿ. ಬಂಗುಡೆಯ ಕಿವಿರು ಕೆಂಪುಂಟಾ ಅಂತ ನೋಡಿ ಮೀನು ತಕೊಳ್ಳುವ ಊರಿನವರು ನಾವು, ನಮಗೆ ಇದು ಕಷ್ಟ ಆಗ್ಲಿಕ್ಕಿಲ್ಲ.

ಮೀನು ಅಂದ ಕೂಡ್ಲೇ ಮಲ್ಪೆಯ ಒಬ್ರು ಎದ್ದು ಲೈಟ್ ಫಿಶಿಂಗ್ ಬಗ್ಗೆ ಕೇಳಿದ್ರು. ಬೆಳಕಿಗೆ ಮೀನು ಗುಂಪಾಗಿ ಬರ್ತದೆ, ಎಲ್‌ಇಡಿ ಬಂದ ಮೇಲೆ ಸಣ್ಣ ಜನರೇಟರಲ್ಲಿ ದೊಡ್ಡ ಬೆಳಕು ಮಾಡ್ಲಿಕ್ಕೆ ಆಗ್ತದೆ, ಮರಿ ಮೀನು ಸಮೇತ ಬಾಚಿ ಹೋಗ್ತದೆ. 2017ರ ನವೆಂಬರಲ್ಲಿ ಕೇಂದ್ರ ಸರಕಾರ ಅದನ್ನು ಬ್ಯಾನ್ ಮಾಡಿದೆ. ದೀಪ ಅಗ್ಗ ಆದ್ರೆ ಎಲ್ಲೆಲ್ಲಿಗೆ ಹೋಗಿ ಮುಟ್ತದೆ ನೋಡಿ.

ಇನ್ನು ಕೊಳ್ಳುವ ವಿಷಯ. ವಾಟ್ ಅಂದ್ರೆ ಅದು ತಿನ್ನುವ ಕರೆಂಟು, ಕೊಡುವ ಬೆಳಕು ಅಲ್ಲ. ಬೆಳಕಿಗೆ ಲ್ಯೂಮೆನ್ ನೋಡ್ಬೇಕು. ಹಳೇ 60 ವಾಟಿನ ಬಲ್ಬ್ ಸುಮಾರು 700 ಲ್ಯೂಮೆನ್ ಕೊಡ್ತಿತ್ತು, ಈಗ 9 ವಾಟಿನ ಒಳ್ಳೇ ಎಲ್‌ಇಡಿ 900 ಕೊಡ್ತದೆ. ದಿನಕ್ಕೆ 5 ಗಂಟೆ ಉರಿಸಿದ್ರೆ ವರ್ಷಕ್ಕೆ ಹಳೇದು ಸುಮಾರು 110 ಯೂನಿಟ್, ಇದು 16 ಚಿಲ್ಲರೆ. 2015ರ ಕೊನೆಗೆ ರಾಜ್ಯದಲ್ಲಿ ಹೊಸ ಬೆಳಕು ಯೋಜನೆಯಲ್ಲಿ 100 ರೂಪಾಯಿಗೆ 9 ವಾಟಿನ ಬಲ್ಬ್ ಕೊಟ್ರಲ್ಲ, ಆಗ್ಲೇ ಈ ಉಳಿತಾಯದ ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಿದೆ. ಹಾಗಾಗಿ ಇನ್ನು ಎರಡು ವಾಟ್ ಉಳಿಸುವ ಚಿಂತೆ ಬೇಡ, ಉಳಿಸಿದ ದುಡ್ಡಲ್ಲಿ ಸ್ವಲ್ಪ ಒಳ್ಳೇ ಬಲ್ಬ್ ತಕೊಳ್ಳಿ ಅಂತ ನಾನು ಹೇಳುವುದು.

ಮತ್ತೆ ಬೆಳಕು ಹಳದಿಯಾ ನೀಲಿ ಬಿಳಿಯಾ ಅಂತ ಹೇಳುವ ಕೆಲ್ವಿನ್ ಅಂತ ಒಂದು ಅಂಕೆ. 2700 ಅಂದ್ರೆ ಹಳೇ ಬಲ್ಬಿನ ಹಳದಿ, 4000 ನಡುವಿನದ್ದು, 6500 ಅಂದ್ರೆ ನೀಲಿ ಬಿಳಿ. ನಮ್ಮಲ್ಲಿ ಕೇಳದಿದ್ರೆ ಕೊಡುವುದು 6500. "ಸರ್, ಬಿಳಿ ಇದ್ರೆ ಬೆಳಕು ಜಾಸ್ತಿ ಅಲ್ವಾ?" ಅಂತ ಒಬ್ರು ಟೀಚರ್ ಕೇಳಿದ್ರು. ಜಾಸ್ತಿ ಅಂತ ಅನ್ನಿಸುವುದು ಹೌದು ಟೀಚರ್, ಲ್ಯೂಮೆನ್ ನೋಡಿದ್ರೆ ವ್ಯತ್ಯಾಸ ಹೆಚ್ಚೇನಿಲ್ಲ. ಹಗಲಿಗೆ, ಅಂಗಡಿಗೆ, ಕೆಲಸದ ಕೋಣೆಗೆ 4000 ಒಳ್ಳೇದೇ. ಆದ್ರೆ ರಾತ್ರಿ ಮಲಗುವ ಕೋಣೆಗೆ 6500 ಬೇಡ. ಕಣ್ಣಿನ ಒಳಗೆ ನೋಡುವುದಕ್ಕೆ ಅಲ್ಲದೆ ಹಗಲೋ ರಾತ್ರಿಯೋ ಅಂತ ಮೆದುಳಿಗೆ ತಿಳಿಸುವ ಬೇರೆ ಜೀವಕೋಶಗಳೇ ಉಂಟು, 2002ರ ಹೊತ್ತಿಗೆ ಇದು ಸ್ಪಷ್ಟ ಆಯ್ತು, ಅವು ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ಮಲಗುವ ಹೊತ್ತಿಗೆ ಅವಕ್ಕೆ ಹಗಲು ಅಂತ ಹೇಳಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು. ಇನ್ನೊಂದು ಲಾಭ, ಮಳೆ ಶುರುವಾಗುವಾಗ ಹಾತೆಗಳ ಕಾಟ ಉಂಟಲ್ಲ, ಜಗಲಿಗೆ ಹಳದಿ ಬಲ್ಬ್ ಹಾಕಿದ್ರೆ ಅವು ಕಡ್ಮೆ ಬರ್ತವೆ.

ನಮ್ಮ ವಯಸ್ಸಿನವರಿಗೆ ಒಂದು ಮಾತು. 60 ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು 20 ವರ್ಷದವರಿಗೆ ಮುಟ್ಟುವುದ್ರ ಸುಮಾರು ಮೂರನೇ ಒಂದು ಪಾಲು ಮಾತ್ರ, ಪಾಪೆ ಸಣ್ಣ ಆಗ್ತದೆ, ಲೆನ್ಸ್ ಹಳದಿ ಆಗ್ತದೆ. ಮೊಮ್ಮಕ್ಕಳು "ಅಜ್ಜ, ಇಷ್ಟು ಬೆಳಕಿದೆಯಲ್ಲ" ಅಂದ್ರೆ ಅವರು ಹೇಳುವುದು ಅವರಿಗೆ ಸರಿ, ನಿಮಗೆ ಅಲ್ಲ. ಆದ್ರೆ ಇದಕ್ಕೆ ಪರಿಹಾರ ಮಾಡಿಗೆ ದೊಡ್ಡ ಬಲ್ಬ್ ಹಾಕುವುದಲ್ಲ, ಬೆಳಕನ್ನು ಹತ್ರ ತರುವುದು. ದೂರ ಅರ್ಧ ಆದ್ರೆ ಬೆಳಕು ನಾಲ್ಕು ಪಾಲು. ಪೇಪರ್ ಓದುವ ಕುರ್ಚಿ ಪಕ್ಕ ಒಂದು ಟೇಬಲ್ ಲ್ಯಾಂಪ್, ಬಲ್ಬ್ ನೇರ ಕಣ್ಣಿಗೆ ಬೀಳದ ಹಾಗೆ ಶೇಡ್ ಇರುವಂಥದ್ದು. ಅಡುಗೆಮನೆಯಲ್ಲಿಯೂ ಇದೇ ಸಮಸ್ಯೆ, ಲೈಟ್ ನಮ್ಮ ಬೆನ್ನ ಹಿಂದೆ, ಮೆಟ್ಟುಕತ್ತಿ ಮೇಲೆ ನಮ್ಮದೇ ನೆರಳು, ಕೊಯ್ಯುವುದು ಸುವರ್ಣಗೆಡ್ಡೆಯಾ ಬೆರಳಾ ಗೊತ್ತಾಗುವುದಿಲ್ಲ. ಕೆಲಸ ಮಾಡುವ ಜಾಗದ ಎದುರಿಗೆ, ಶೆಲ್ಫಿನ ಅಡಿಗೆ ಒಂದು ಸಣ್ಣ ಲೈಟ್ ಹಾಕಿ. ಮತ್ತೆ ಹಗಲಿಗೆ ನಮ್ಮ ಹಂಚಿನ ಮನೆಯವರು ಮಾಡಿಗೆ ಎರಡು ಗಾಜಿನ ಹಂಚು ಇಡ್ತಿದ್ರಲ್ಲ, ಖರ್ಚಿಲ್ಲದ ನೂರು ಸಿಆರ್‌ಐ ಅದು. ತಾರಸಿ ಮನೆ ಕಟ್ಟಿ ಮಧ್ಯಾಹ್ನ ಹನ್ನೆರಡಕ್ಕೆ ಸ್ವಿಚ್ ಹಾಕುವ ಕಾಲ ಬಂತು.

"ಐದು ವರ್ಷ ಅಂತ ಬರೆದಿರ್ತಾರೆ, ಒಂದೇ ಮಳೆಗಾಲದಲ್ಲಿ ಹೋಗ್ತದೆ, ಎಂತದು ಇದು?" ಇದು ಎಲ್ಲ ಕಡೆ ಬರುವ ಪ್ರಶ್ನೆ. ಎಲ್‌ಇಡಿ ಚಿಪ್ಪು ಬೇಗ ಸಾಯುವುದಿಲ್ಲ, ಸಾಯುವುದು ಅದ್ರ ಬುಡದಲ್ಲಿರುವ ಡ್ರೈವರ್, ಅಂದ್ರೆ ಮನೆಯ ಕರೆಂಟನ್ನು ಚಿಪ್ಪಿಗೆ ತಕ್ಕ ಹಾಗೆ ಮಾಡಿ ಕೊಡುವ ಸರ್ಕ್ಯೂಟ್, ಅದ್ರಲ್ಲೂ ಕೆಪಾಸಿಟರ್ ಅನ್ನುವ ಭಾಗ. ಹತ್ತು ಡಿಗ್ರಿ ಬಿಸಿ ಜಾಸ್ತಿ ಆದ್ರೆ ಅದ್ರ ಆಯುಷ್ಯ ಅರ್ಧ. ಪೂರ್ತಿ ಮುಚ್ಚಿದ ಗಾಜಿನ ಬುರುಡೆ ಒಳಗೆ ಬಲ್ಬ್ ಹಾಕಿದ್ರೆ ಗಾಳಿ ಇಲ್ಲ, ಒಳಗೇ ಬೇಯ್ತದೆ. ಇನ್ನೊಂದು ನಮ್ಮೂರಿನ ಸಿಡಿಲು, ಮೇ ತಿಂಗಳಲ್ಲೂ ಅಕ್ಟೋಬರಲ್ಲೂ. ಪೆಟ್ಟಿಗೆ ಮೇಲೆ ಸರ್ಜ್ ಪ್ರೊಟೆಕ್ಷನ್, ಅಂದ್ರೆ ಕರೆಂಟು ಒಮ್ಮೆಲೇ ಏರಿದ್ರೆ ತಡೆಯುವ ಶಕ್ತಿ, ಎಷ್ಟು ಕೆವಿ (ಕಿಲೋವೋಲ್ಟ್) ಅಂತ ಬರೆದಿರ್ತದೆ, 4 ಇದ್ದದ್ದು ತಕೊಳ್ಳಿ, ಮನೆಗೆ ಅರ್ತಿಂಗ್ ಸರಿ ಉಂಟಾ ನೋಡಿಸಿ, ಆಗುವುದಾದ್ರೆ ಮೇನ್ ಬೋರ್ಡಿಗೇ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅಂಗಳಕ್ಕೆ ಹಾಕುವುದಾದ್ರೆ ಐಪಿ65 ಅಂತ ಬರೆದದ್ದು, ಅಂದ್ರೆ ಧೂಳು, ಮಳೆನೀರು ಒಳಗೆ ಹೋಗದಂಥದ್ದು, ಸಮುದ್ರದ ಉಪ್ಪು ಗಾಳಿಗೆ ಅದಕ್ಕಿಂತ ಕಡ್ಮೆಯದ್ದು ನಿಲ್ಲುವುದಿಲ್ಲ.

ಮಿನುಗುವುದನ್ನು ಮರೆಯುವುದು ಬೇಡ. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿ ಬರ್ತದೆ, ಪ್ರತಿ ಸಲ ಎರಡು ಏರಿಳಿತ, ಅಗ್ಗದ ಡ್ರೈವರ್ ಇದ್ರೆ ಬಲ್ಬ್ ಸೆಕೆಂಡಿಗೆ 100 ಸಲ ಮಂಕಾಗಿ ಹೊಳೀತದೆ. ಕಣ್ಣಿಗೆ ಕಾಣುವುದಿಲ್ಲ, ಆದ್ರೆ ಕೆಲವರಿಗೆ ತಲೆನೋವು ಬರ್ತದೆ. ಒಂದು ಪೆನ್ನನ್ನು ಬಲ್ಬಿನ ಎದುರು ಬೇಗ ಬೇಗ ಆಡಿಸಿ. ಮಸುಕಾದ ಒಂದೇ ಬೀಸಣಿಗೆ ಕಂಡ್ರೆ ಒಳ್ಳೇದು, ಬಿಡಿ ಬಿಡಿಯಾಗಿ ಹತ್ತಾರು ಪೆನ್ನು ಕಂಡ್ರೆ ಆ ಬಲ್ಬ್ ಬೇಡ. ಫೋನಿನ ಕ್ಯಾಮೆರಾ ಹಿಡಿದ್ರೂ ಪಟ್ಟೆ ಪಟ್ಟೆ ಓಡುವುದು ಕಾಣ್ತದೆ.

ನಕಲಿ ಹೇಗೆ ಗೊತ್ತಾಗುವುದು ಅಂತ ಕೇಳಿದ್ರು. ಬಲ್ಬಿನ ಮೇಲೆ ಬಿಐಎಸ್, ಅಂದ್ರೆ ಸರಕಾರದ ಗುಣಮಟ್ಟ ಸಂಸ್ಥೆಯ ಗುರುತು, ಅದ್ರ ಜೊತೆ ಆರ್ ಅಕ್ಷರದಿಂದ ಶುರು ಆಗುವ ಒಂದು ನಂಬರ್ ಇರ್ಬೇಕು. ಬಿಐಎಸ್ ಕೇರ್ ಅಂತ ಆ್ಯಪ್ ಉಂಟು, ಅದ್ರಲ್ಲಿ ಆ ನಂಬರ್ ಹಾಕಿದ್ರೆ ಯಾವ ಕಂಪೆನಿಯದ್ದು ಅಂತ ಬರ್ತದೆ. ಪೆಟ್ಟಿಗೆಯ ಹೆಸರೂ ಆ್ಯಪಿನ ಹೆಸರೂ ತಾಳೆ ಆಗ್ಬೇಕು.

ಕೊನೆಯ ಪ್ರಶ್ನೆ, ಮನೆಯಲ್ಲಿ ರಾಶಿ ಬಿದ್ದ ಹಳೇ ಟ್ಯೂಬು, ಸಿಎಫ್ಎಲ್ ಎಂತ ಮಾಡುವುದು ಅಂತ. ಅದ್ರಲ್ಲಿ ಪಾದರಸ ಉಂಟು, ಒಡೆದು ತೆಂಗಿನ ಬುಡಕ್ಕೆ ಹಾಕ್ಬೇಡಿ, ಬಾವಿ ಹತ್ರವಂತೂ ಬೇಡವೇ ಬೇಡ. ಇ-ವೇಸ್ಟ್ ತಕೊಳ್ಳುವವರಿಗೆ ಇಡಿಯಾಗಿ ಕೊಡಿ. ಕೈತಪ್ಪಿ ಒಡೆದ್ರೆ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಕೋಣೆಯಿಂದ ಹೊರಗೆ ಇರಿ, ಆಮೇಲೆ ಪೊರಕೆ ಹಾಕದೆ, ದಪ್ಪ ಕಾಗದದಲ್ಲಿ ಚೂರು ಒಟ್ಟು ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಸೇರಿಸಿ ಮುಚ್ಚಳ ಇರುವ ಡಬ್ಬಿಗೆ ಹಾಕಿ ಇಡಿ.